ತಲೆಕೆಳಗಿನ ಮೊಳೆ

ಪರೇಲಿನ ನಾಲ್ಕನೇ ಮಹಡಿಯಲ್ಲಿ, ಎಸಿಗೆ ಹೆದರಿ
ಶಾಲು ಹೊದ್ದು ಕೂತಿದ್ದೇನೆ. ಹೊರಗೆ ಮೇ ತಿಂಗಳು.
ಯಂತ್ರ ರಾತ್ರಿಯಿಡೀ ಓದಿ
ಬೆಳಗಿಗೊಂದು ಫೈಲು ಕಕ್ಕಿದೆ.
ಶಿವಡಿಯ ಯಾರದೋ ಕಫ. ಹೆಸರಿಲ್ಲ, ಸಂಖ್ಯೆಯಿದೆ.

ನಾಲ್ಕು ನಾಲ್ಕು ಸಾಲಿನ ಕಟ್ಟುಗಳು.
ಮೊದಲನೆಯದು ಗುರುತು.
ಎರಡನೆಯದು ಎ ಸಿ ಜಿ ಟಿ, ಉಸಿರು ಬಿಡದೆ.
ಮೂರನೆಯದು ಬರೀ ಒಂದು ಪ್ಲಸ್ಸು,
ಅದೇಕಿದೆಯೆಂದು ಹತ್ತು ವರ್ಷದಲ್ಲಿ ಯಾರೂ ಕೇಳಿಲ್ಲ.
ನನಗೆ ಹಿಡಿಸುವುದು ನಾಲ್ಕನೆಯದು:
ಪ್ರತಿ ಅಕ್ಷರಕ್ಕೂ ನೇರ ಕೆಳಗೆ
ಯಂತ್ರ ತನ್ನ ಅನುಮಾನವನ್ನು ಬರೆದಿಡುತ್ತದೆ.
ಎಫ್ ಇದ್ದರೆ ನಂಬು.
ಹ್ಯಾಶ್ ಇದ್ದರೆ ನನ್ನನ್ನು ಕೇಳಬೇಡ.
ಆಸ್ಪತ್ರೆಯ ಲಿಡ್ವಿನ್ ಸಿಸ್ಟರ್ ಫೋನಿನಲ್ಲಿ
‘ನಾಳೆ ಖಂಡಿತ ಕಳಿಸ್ತೀನಿ’ ಎಂದಾಗಲೆಲ್ಲ
ಆ ಮಾತಿನಡಿ ನಾನೂ ಒಂದು ಹ್ಯಾಶ್ ಹಾಕಿಕೊಳ್ಳುತ್ತೇನೆ.

ಅಪ್ಪ ಗಿರಗಾಂವದ ಗಲ್ಲಿಯೊಂದರಲ್ಲಿ ಮೊಳೆ ಜೋಡಿಸುತ್ತಿದ್ದರು.
ಸಂಘದ ವರದಿ, ಹೋಟೆಲಿನ ಬಿಲ್ಲು, ಲಗ್ನಪತ್ರಿಕೆ.
ಸೀಸದ ಮೇಲೆ ಕನ್ನಡಿಯೊಳಗಿನ ಕನ್ನಡ;
ನಾವು ನೆಟ್ಟಗಿದ್ದುದನ್ನು ಓದುವಷ್ಟರಲ್ಲಿ
ಅಪ್ಪ ಅದನ್ನು ತಿರುವಿ ಓದಿ ಮುಗಿಸಿರುತ್ತಿದ್ದರು.
ಒಮ್ಮೆ ಕೊಂಬೊಂದು ಬಿಟ್ಟುಹೋಗಿ
ವಧು ‘ವಧ’ ಆದಳು. ಮುನ್ನೂರು ಪ್ರತಿ.
ಅಮ್ಮ ಸೆರಗಿಗೆ ಬಾಯಿ ಒತ್ತಿ ನಕ್ಕಳು,
ಅಪ್ಪ ಎರಡು ದಿನ ಎಲೆಗೆ ಕೂರಲಿಲ್ಲ.

ಈಗ ಚೂರುಗಳನ್ನು ಜೋಡಿಸುವ ತಂತ್ರಾಂಶ.
ಎದುರಿಗೆ ಮೂಲಪ್ರತಿ, ನಲವತ್ತನಾಲ್ಕು ಲಕ್ಷ ಅಕ್ಷರ,
ನೂರು ವರ್ಷದ ಹಿಂದೆ ಎಲ್ಲೋ ಯಾರದೋ ಎದೆಯಿಂದ ತೆಗೆದ ಕ್ಷಯ.
ಚೂರುಗಳು ನುಗ್ಗಿ ಜಾಗ ಹಿಡಿಯುತ್ತವೆ,
ವಿರಾರ್ ಲೋಕಲ್ಲಿನ ಮೂವರ ಸೀಟಿಗೆ
ನಾಲ್ಕನೆಯವಳು ಸೊಂಟ ತೂರಿಸುವ ಹಾಗೆ.
ಎರಡು ಕಡೆ ಹೊಂದುವವರಿಗೆ ಅಂಕ ಸೊನ್ನೆ.

ಕಪ್ಪು ಪರದೆಯಲ್ಲಿ ನೋಡುತ್ತೇನೆ:
ಮೂಲದಂತೆಯೇ ಇದ್ದರೆ ಚುಕ್ಕಿ,
ಹಿಮ್ಮುಖದ ಎಳೆಯಲ್ಲಿ ಹೊಂದಿದರೆ ಅಲ್ಪವಿರಾಮ.
ಚುಕ್ಕಿ ಚುಕ್ಕಿ ಅಲ್ಪವಿರಾಮ ಚುಕ್ಕಿ,
ಮಾತೆಲ್ಲ ಉದುರಿ ವಿರಾಮಗಳಷ್ಟೇ ಉಳಿದ ಒಂದು ಪುಸ್ತಕ.
ಬೆರಳಿಟ್ಟು ಸಾಗಿ, ಏಳು ಲಕ್ಷದ ಅರವತ್ತೊಂದು ಸಾವಿರದ
ನೂರ ಐವತ್ತೈದನೇ ಮನೆಯಲ್ಲಿ ನಿಲ್ಲುತ್ತೇನೆ.
ಸಿ ಇರಬೇಕಾದಲ್ಲಿ
ಟಿ.
ಈ ಒಂದು ತಿರುಗಿದರೆ ಕೆಂಪು ಮಾತ್ರೆ ನಾಟುವುದಿಲ್ಲ.

ಆದರೆ ಅಲ್ಲಿಗೆ ಬಂದ ಚೂರುಗಳು ಒಂಬತ್ತೇ.
ಆರು ಟಿ ಅನ್ನುತ್ತವೆ, ಮೂರು ಚುಕ್ಕಿ.
ಟಿಗಳಲ್ಲಿ ಎರಡರ ಕೆಳಗೆ ಹ್ಯಾಶ್.
ಹತ್ತಕ್ಕಿಂತ ಕಡಿಮೆಯಿದ್ದರೆ ಜರಡಿ ತಾನೇ ಚೆಲ್ಲಿಬಿಡುತ್ತದೆ,
ಜರಡಿ ಕಟ್ಟಿದವಳೂ ನಾನೇ.
ಓಂಕಾರ ಘರತ್, ಹೊಸ ಹುಡುಗ, ಹೆಗಲ ಮೇಲಿಂದ ಇಣುಕಿ
‘ತಾಯಿ, ಪಟ್ಟಿಯಲ್ಲಿ ಸಾಲೇ ಇಲ್ಲವಲ್ಲ,
ಔಷಧ ನಾಟುತ್ತೆ ಅಂತ ಕಳಿಸಲೇ?’

ಅವನ ತಪ್ಪಲ್ಲ. ಪಟ್ಟಿಯ ರೂಢಿಯೇ ಹಾಗೆ:
ಎಲ್ಲ ಸರಿಯಿದ್ದರೂ ಸಾಲು ಇರುವುದಿಲ್ಲ,
ಓದಲು ಆಗದೇ ಹೋದರೂ ಇರುವುದಿಲ್ಲ.

ಕೈಬರಹ ತಿಳಿಯದಿದ್ದಾಗ, ‘ಝ’ ಮೊಳೆ ಮುಗಿದಾಗ,
ಅಪ್ಪ ಯಾವುದೋ ಒಂದು ಮೊಳೆಯನ್ನು
ತಲೆ ಕೆಳಗೆ ಮಾಡಿ ಸಾಲಿನಲ್ಲಿ ಕೂರಿಸುತ್ತಿದ್ದರು.
ಕರಡಿನಲ್ಲಿ ಅಲ್ಲೊಂದು ಕಪ್ಪು ಚೌಕ.
ಮಾಲೀಕ ಬೈದರೆ, ಕಪ್ಪನ್ನು ಎಲ್ಲರೂ ನೋಡುತ್ತಾರೆ ಸ್ವಾಮಿ,
ತಪ್ಪನ್ನು ಯಾರು ನೋಡುತ್ತಾರೆ, ಎಂದು
ಬೀಡಿ ಹಚ್ಚಲು ಹೊರಗೆ ಹೋಗುತ್ತಿದ್ದರು.

ಆ ಮನೆಯಲ್ಲಿ ನಾನು ಎನ್ ಬರೆದೆ.
ವರದಿಯ ಮೊದಲ ಸಾಲಿಗೇ ಏರಿಸಿದೆ, ದಪ್ಪಕ್ಷರದಲ್ಲಿ.
ಶಿವಡಿಗೆ ಫೋನು. ಹಿಂದೆ ಯಾರೋ ಕೆಮ್ಮುತ್ತಿದ್ದರು,
ಅದೇ ಸಂಖ್ಯೆಯೋ, ಬೇರೆಯೋ.
ಬೆಳಿಗ್ಗೆ ಏನೂ ತಿನ್ನುವ ಮೊದಲು, ಸಿಸ್ಟರ್,
ಆಳದಿಂದ ತೆಗೆದದ್ದು ಬೇಕು, ಉಗುಳಲ್ಲ.
‘ನಾಳೆ ಖಂಡಿತ ಕಳಿಸ್ತೀನಿ.’

ಓಂಕಾರ ಚಹಾ ತಂದಿಟ್ಟ.
ನಾನು ಶಾಲು ಮಡಚದೆ ಕೂತೇ ಇದ್ದೆ,
ಆ ಮಾತಿನ ಕೆಳಗೆ
ಏನು ಹಾಕಲಿ ಎಂದು.